ಜಾಮಿನ ಸೀಸೆಯಲ್ಲಿಟ್ಟ ಬಲ್ಬುಗಳು

ಹೆಂಡತಿ ಉಪ್ಪಿನಕಾಯಿಗೆಂದು ತೊಳೆದು, ಬಿಸಿಲಿಗೆ ಒಣಗಿಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟ ಸೀಸೆಗೆ ಗಂಡನಾದವನು ಕೈಹಾಕಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಕಾಣೆ. ಬರೆಯದಿದ್ದರೂ ಮೀರಿದವನಿಗೆ ಶಿಕ್ಷೆ ಮಾತ್ರ ಖಚಿತ. ಕಳೆದ ಚಳಿಗಾಲದಲ್ಲಿ ನಾನು ಮೀರಿದೆ. ಪ್ಲಮ್ ಹಣ್ಣಿನ ಜಾಮು ಮುಗಿದು ಖಾಲಿಯಾಗಿದ್ದ ಅಂಥದೊಂದು ಸೀಸೆಯ ತಳಕ್ಕೆ ಹತ್ತಿ ಹಾಸಿ, ಅದರ ಮೇಲೆ ನನ್ನ ಪಿಕಪ್ ಗಾಡಿಯ ಹಳೆಯ ಹೆಡ್‌ಲೈಟ್ ಬಲ್ಬುಗಳೆರಡನ್ನು ಮಲಗಿಸಿ, ಮುಚ್ಚಳ ತಿರುವಿ, ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಗೂ ಚಹಾಪುಡಿಯ ಡಬ್ಬಿಗೂ ನಡುವೆ ಇಟ್ಟೆ. ಆ ಬಲ್ಬುಗಳು ಸತ್ತಿರಲಿಲ್ಲ, ನೋಡಿ. ತುಪ್ಪದ ಬಣ್ಣದ ಬೆಳಕು ಕೊಡುತ್ತ ಚೆನ್ನಾಗಿಯೇ ಉರಿಯುತ್ತಿದ್ದವು. ಎಸೆಯಲು ಮನಸ್ಸು ಬಾರದೆ, ಉಳಿಸಿಕೊಳ್ಳಲು ಕಾರಣ ತೋಚದೆ ಸೀಸೆಯ ಪಾಲು ಮಾಡಿದ್ದೆ. ಹೆಂಡತಿ ಸರಸು ಒಳಗೆ ಬಂದವಳು ಸೀಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳದೆ ಹಾಲು ಉಕ್ಕುತ್ತಿದ್ದ ಒಲೆಯ ಕಡೆಗೆ ಹೋದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನನಗೆ ತಿಳಿದಿರುವ ಒಂದು ಸತ್ಯವೆಂದರೆ, ಅವಳು ಬೈದರೆ ವಿಷಯ ಸಣ್ಣದು, ಸುಮ್ಮನಾದರೆ ದೊಡ್ಡದು.

ನನ್ನ ಪರಿಚಯ ಹೇಳದೆ ಬಲ್ಬಿನ ಪರಿಚಯ ಹೇಳಿದೆ, ಕ್ಷಮಿಸಿ. ತುಮ್ಮನಟ್ಟಿಯ ಕೆಳಗಿನ ಇಳಿಜಾರಿನಲ್ಲಿ ನಮ್ಮದೊಂದು ಹಟ್ಟಿ. ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತ ಮನೆಗಳು, ಅವುಗಳ ಕೆಳಗೆ ಚಹಾ, ಅದರ ಕೆಳಗೆ ಕ್ಯಾರೆಟ್ಟು, ಬೀಟ್ರೂಟು, ಎಲೆಕೋಸು. ಮನೆಯ ಮಾತು ಬಡಗ, ಶಾಲೆಯಲ್ಲಿ ಕಲಿತದ್ದು ತಮಿಳು, ಓದುವ ಚಟ ಮಾತ್ರ ಕನ್ನಡದ್ದು. ಗುಂಡ್ಲುಪೇಟೆಯ ಸಂತೆಯಿಂದ ಅಪ್ಪ ಬೀಜ ಕಟ್ಟಿಸಿಕೊಂಡು ತರುತ್ತಿದ್ದ ಹಳೆಯ ಪತ್ರಿಕೆಗಳಿಂದ ಹತ್ತಿದ ಚಟ, ಇನ್ನೂ ಬಿಟ್ಟಿಲ್ಲ. ಬೆಳೆದ ತರಕಾರಿಯನ್ನು ಗಾಡಿಗೆ ತುಂಬಿ ಊಟಿ ದಾಟಿ, ಕಲ್ಲಟ್ಟಿಯ ತಿರುವುಗಳನ್ನಿಳಿದು, ಮಸಿನಗುಡಿಯ ರೆಸಾರ್ಟುಗಳ ಅಡುಗೆಮನೆಗೆ ಒಪ್ಪಿಸಿ ಬರುವುದು ನನ್ನ ಉದ್ಯೋಗ. ಅದು ಉದ್ಯೋಗವೆನ್ನುವುದಕ್ಕಿಂತ ಔಷಧ. ಕೂತಲ್ಲಿ ಕೂರಲಾರದ ಜಾತಕ ನನ್ನದು. ಊಟಕ್ಕೆ ಕೂತರೂ ಮೊಣಕಾಲು ತಾಳ ಹಾಕುತ್ತಿರುತ್ತದೆ. ಸ್ಟಿಯರಿಂಗ್ ಹಿಡಿದಾಗ ಮಾತ್ರ ಆ ಕಾಲಿಗೊಂದು ಕೆಲಸ ಸಿಗುತ್ತದೆ, ಮನಸ್ಸಿಗೊಂದು ದಾರಿ ಸಿಗುತ್ತದೆ.

ಬೆಟ್ಟದ ಮೇಲೆ ಹುಟ್ಟಿದವರಿಗೆ ಮಂಜೆಂದರೆ ಬೆರಗಲ್ಲ, ನೆಂಟ. ಕೆಳಗಿನಿಂದ ಬರುವ ಪ್ರವಾಸಿಗಳು ಅದನ್ನು ಕಂಡು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ನಾವು ಅದರ ನಡುವೆಯೇ ಹಲ್ಲುಜ್ಜುತ್ತೇವೆ, ಜಗಳವಾಡುತ್ತೇವೆ, ಬಟ್ಟೆ ಒಣಗುವುದಿಲ್ಲವೆಂದು ಗೊಣಗುತ್ತೇವೆ. ಬಸ್ಸು ತಡವಾದರೆ ಮಂಜು, ಸೊಂಟ ಹಿಡಿದರೆ ಮಂಜು, ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಮಂಜು. ಇಷ್ಟು ಹೊಣೆ ಹೊತ್ತ ನೆಂಟನ ತಲೆಗೆ ಇನ್ನೊಂದನ್ನು ಕಟ್ಟಿದರೆ ಅವನೇನೂ ಬೇಡವೆನ್ನುವುದಿಲ್ಲ. ನಾನು ಕಟ್ಟಿದ್ದು ಆ ಇನ್ನೊಂದನ್ನು.

ಮೊದಲು ನೋಯಿಸಿದ್ದು ಹೆಂಗಸರು. ಸಂಜೆ ಊಟಿಯಿಂದ ಮರಳುವಾಗ ದೊಡ್ಡ ತಿರುವಿನ ಬಳಿ, ಚಹಾ ಸೊಪ್ಪು ಕಿತ್ತು ಮುಗಿಸಿದ ನಮ್ಮ ಹಟ್ಟಿಯ ಹೆಂಗಸರು ನಿಂತಿರುತ್ತಾರೆ. ದೂರದಿಂದಲೇ ನನ್ನ ಗಾಡಿಯ ಹಳದಿ ದೀಪ ಗುರುತಿಸಿ ಕೈ ಎತ್ತುತ್ತಿದ್ದರು. ಖಾಲಿ ಕ್ರೇಟುಗಳ ನಡುವೆ ಕೂತು, ನನಗೆ ಕೇಳುವಷ್ಟು ಜೋರಾಗಿ ನನ್ನನ್ನೇ ಗೇಲಿ ಮಾಡುತ್ತ ಹಟ್ಟಿಯವರೆಗೆ ಬರುತ್ತಿದ್ದರು. ಕಳೆದ ಮಳೆಗಾಲದಿಂದ ಆ ಕೈಗಳು ಒಂದೊಂದಾಗಿ ಇಳಿದವು. ನಾನೇ ನಿಲ್ಲಿಸಿ ಕರೆದರೂ ಹತ್ತಲಿಲ್ಲ. "ಪರವಾಇಲ್ಲೆ ಅಣ್ಣ, ಎಂಗ ಬಸ್ಸುಗ ಹೋನೆಯೊ" ಎಂದರು, ನಾವು ಬಸ್ಸಿಗೇ ಹೋಗುತ್ತೇವೆಂದು. ಮಳೆಯಲ್ಲಿ ನೆನೆಯುತ್ತ, ಬರುತ್ತದೋ ಇಲ್ಲವೋ ಎನ್ನುವ ಬಸ್ಸಿಗೆ ಕಾಯುತ್ತೇವೆ, ನಿನ್ನ ಗಾಡಿ ಮಾತ್ರ ಬೇಡ ಎಂದರೆ ಏನರ್ಥ? ನಮ್ಮಲ್ಲಿ ಒಂದು ರೂಢಿಯಿದೆ. ಹಿರಿಯನ ಮುಂದೆ ಕಿರಿಯರು ತಲೆ ಬಾಗಿಸುತ್ತಾರೆ, ಹಿರಿಯ ಆ ತಲೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ಆಶೀರ್ವಾದ ಪಡೆದ ಆ ತಲೆ, ಹರಸಿದ ಹಿರಿಯನಿಗೆ ನಿನ್ನಲ್ಲಿ ಈ ಕೊರತೆಯಿದೆ ಎಂದು ಎದುರು ನಿಂತು ಹೇಳುವುದಿಲ್ಲ. ನಾನೂ ಈಚೆಗೆ ಹರಸುವವರ ಸಾಲಿಗೆ ಸೇರಿದವನು. ಆದ್ದರಿಂದ ಕಾರಣವನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ಹುಡುಕುವುದೇನು ಕಷ್ಟ? ದೀಪ ಮಂಕು! ಈಚೆಗೆ ನನಗೇ ಅನ್ನಿಸುತ್ತಿತ್ತು. ರಸ್ತೆಯ ಅಂಚಿನ ಬಿಳಿ ಗೆರೆ ಕರಗಿಹೋಗುತ್ತಿತ್ತು, ಎದುರಿನ ಗಾಡಿಯ ದೀಪ ಒಡೆದ ಕನ್ನಡಿಯ ಹಾಗೆ ಚೂರುಚೂರಾಗಿ ಮುಖಕ್ಕೆ ಎರಚುತ್ತಿತ್ತು, ಮಂಜೋ ಮಂಜು, ಬಿಸಿಲಿನ ದಿನವೂ ಸಂಜೆಗೊಂದು ತೆಳು ಮಂಜು. ಕಾಲ ಕೆಟ್ಟಿದೆ, ಹವೆ ಬದಲಾಗಿದೆ ಎಂದು ಚಹಾದಂಗಡಿಯಲ್ಲಿ ಭಾಷಣವನ್ನೂ ಮಾಡಿದ್ದೆ. ಹಲವರು ತಲೆಯಾಡಿಸಿದ್ದರು. ಹವೆ ಕೆಟ್ಟಿದೆಯೆಂದರೆ ಈಗ ಯಾರು ಅಲ್ಲವೆನ್ನುತ್ತಾರೆ?

ಗೂಡಲೂರಿನಲ್ಲಿ ಬಿಡಿಭಾಗಗಳ ಅಂಗಡಿಯಿಟ್ಟ ಶಾಜಿ ನನ್ನ ಹಳೆಯ ಸ್ನೇಹಿತ. ನನ್ನ ದೂರನ್ನು ಪೂರ್ತಿ ಕೇಳುವ ಮೊದಲೇ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಕುಟ್ಟಿದ. "ಚೇಟ್ಟಾ, ಈ ಎಲ್ಇಡಿ ಹಾಕ್ಕೊ. ರಾತ್ರಿ ಪಗಲ್ ಮಾದಿರಿ ಆಗುಂ" ಎಂದ. ರಾತ್ರಿ ಹಗಲಾಗುವುದಾದರೆ ಯಾರಿಗೆ ಬೇಡ? ಬರೀ ಬಲ್ಬು ಸಾಲದು, ಹಳೆಯ ತೆಳು ತಂತಿಯಲ್ಲಿ ಕರೆಂಟು ದಾರಿಯಲ್ಲೇ ಸುಸ್ತಾಗುತ್ತದೆ, ಬ್ಯಾಟರಿಯಿಂದ ನೇರ ದಪ್ಪ ತಂತಿ ಎಳೆದು, ನಡುವೆ ಸ್ವಿಚ್ಚಿನ ಹೊರೆ ಇಳಿಸುವ ರಿಲೇ ಮತ್ತು ಫ್ಯೂಸು ಹಾಕಬೇಕೆಂದು ಅವನೇ ಹೇಳಿಕೊಟ್ಟ. ಮೆಕ್ಯಾನಿಕ್ಕನ ಹತ್ತಿರ ಬಿಡಲೇ ಎಂದು ಒಂದು ಗಳಿಗೆ ಯೋಚಿಸಿದೆ. ಆದರೆ ಅವನು ಕೆಲಸ ಮಾಡುವಾಗ ನಾನು ಸುಮ್ಮನೆ ಕೂರಬೇಕಲ್ಲ! ಅದಾಗದ ಮಾತು. ಮನೆಯಲ್ಲೇ ಮಾಡುವುದೆಂದು ತೀರ್ಮಾನಿಸಿದೆ.

ಓದುಗ ಮಿತ್ರರೇ, ಗಾಡಿಯ ಮುಖ ಬಿಚ್ಚಿಟ್ಟು ಅದರ ಕಣ್ಣು ಕೀಳುವ ಕೆಲಸದಲ್ಲಿ ಒಂದು ವಿಚಿತ್ರ ಸುಖವಿದೆ. ಅಂಗಳದಲ್ಲಿ ಗೋಣಿ ಹಾಸಿ, ಕ್ರೇಟಿನ ಮೇಲೆ ಕೂತು ಶುರುಮಾಡಿದೆ. ಹೆಡ್‌ಲೈಟಿನ ಮೇಲಿನ ಪ್ಲಾಸ್ಟಿಕ್ ಗಾಜು ಬಿಸಿಲು ತಿಂದು ಹಳದಿಗಟ್ಟಿ, ಗಂಜಿ ಬಳಿದಂತೆ ಮಬ್ಬಾಗಿತ್ತು. ಇದೇ ಕಳ್ಳ, ಸಿಕ್ಕಿಬಿದ್ದ ಎಂದು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ, ಮರಳುಕಾಗದದಲ್ಲಿ ಉಜ್ಜಿದೆ, ಮತ್ತೆ ಟೂತ್‌ಪೇಸ್ಟ್ ಹಚ್ಚಿದೆ. ಅಕ್ಕಪಕ್ಕದವರು ಫಳಫಳ ಅನ್ನುತ್ತದೆ ಎಂದರು. ನನಗಿನ್ನೂ ಮಬ್ಬಾಗಿಯೇ ಕಂಡಿತು, ಇನ್ನೂ ಉಜ್ಜಿದೆ. ತಂತಿಗಳ ಸರದಿ ಬಂತು. ಕೆಂಪು ಇಲ್ಲಿ, ಕಪ್ಪು ಇಲ್ಲಿ, ನೀಲಿ ಅಲ್ಲಿ ಎಂದು ಶಾಜಿ ಬಿಡಿಸಿ ಹೇಳಿದ್ದನ್ನೇ ಮಾಡಿದೆ. ಸ್ವಿಚ್ಚು ಒತ್ತಿದರೆ ಫ್ಯೂಸು ಢಬ್ಬೆಂದಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಕೊನೆಗೆ ಸರಸು ಬಗ್ಗಿ ನೋಡಿ, ಕಪ್ಪು ಎಂದು ನಾನು ಸೇರಿಸಿದ್ದ ತಂತಿಯನ್ನು ಬೆರಳಿನಲ್ಲಿ ಎತ್ತಿ ಹಿಡಿದು, "ಇದು ನೀಲಿ" ಎಂದಳು. ಬಿಸಿಲಿಗೆ ಹಿಡಿದು ನೋಡಿದೆ. ನನ್ನ ಪಾಲಿಗೆ ಅದು ಕಪ್ಪೇ. ಈಗಿನ ಕಂಪನಿಗಳು ಬಣ್ಣಕ್ಕೂ ಕಂಜೂಸುತನ ಮಾಡುತ್ತವೆ ಎಂದು ಗೊಣಗಿ ಬದಲಿಸಿದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಆ ಗಾದೆಯನ್ನು ನಾನು ಬೇರೆಯವರಿಗೆ ಹೇಳಿದ್ದು ಎಷ್ಟು ಸಲವೋ!

ಕತ್ತಲಾಗುವ ಹೊತ್ತಿಗೆ ದೀಪ ಹತ್ತಿತು. ಅಬ್ಬಾ, ಅದೇನು ಬೆಳಕು! ಎದುರಿನ ಸಿಲ್ವರ್ ಓಕ್ ಮರಗಳು ಸುಣ್ಣ ಬಳಿದುಕೊಂಡಂತೆ ನಿಂತವು, ಪಕ್ಕದ ಮನೆಯ ಕೋಳಿ ಬೆಳಗಾಯಿತೆಂದು ಗೂಡಿನಿಂದ ಇಳಿಯಿತು. ಆ ಕ್ಷಣ ನಾನು ಸಣ್ಣ ರಾಜ. ಆದರೆ ಮರುದಿನ ಮುಂಜಾನೆ ದೊಡ್ಡಬೆಟ್ಟದ ಕಡೆಯಿಂದ ನಿಜವಾದ ಮಂಜು ಇಳಿದಾಗ ನನ್ನ ರಾಜ್ಯ ಕುಸಿಯಿತು. ಬಿಳಿ ಬೆಳಕು ಬಿಳಿ ಮಂಜಿಗೆ ಬಡಿದು ಗೋಡೆಯಾಗಿ ತಿರುಗಿ ಬಂತು. ಹಳೆಯ ಹಳದಿ ದೀಪ ಮಂಜಿನ ಹತ್ತಿರ ದಾರಿ ಕೇಳಿಕೊಂಡು ಹೋಗುತ್ತಿತ್ತು, ಇದು ಜಗಳಕ್ಕೆ ನಿಂತಿತು. ಎದುರಿನ ಲಾರಿಯವರು ನನ್ನ ಕಣ್ಣಿಗೆ ತಮ್ಮ ದೀಪ ಮಿಟುಕಿಸಿ ಬೈದರು. ಆದರೂ ಒಪ್ಪಿಕೊಳ್ಳಲಿಲ್ಲ. ಕೋನ ಬದಲಿಸಿದೆ, ಬ್ಯಾಟರಿ ತೊಳೆದೆ, ಅರ್ಥಿಂಗ್ ಬಿಗಿ ಮಾಡಿದೆ, ಪುನಃ ಉಜ್ಜಿದೆ. ದಿನಕ್ಕೊಮ್ಮೆ ಬಾನೆಟ್ ಎತ್ತುವುದು, ಇಳಿಸುವುದು. ರಿಪೇರಿಯೆಂಬುದು ಕೆಲವೊಮ್ಮೆ ಹೆದರಿಕೆಯ ಇನ್ನೊಂದು ಹೆಸರು ಎಂದು ಈಗ ತೋಚುತ್ತದೆ. ಆಗ ಕೈಗೆ ಕೆಲಸವಿತ್ತು, ಅಷ್ಟು ಸಾಕಿತ್ತು. ತಿರುವಿನ ಹೆಂಗಸರು ಮಾತ್ರ ಹೊಸ ಬೆಳಕಿಗೆ ಕೈ ಅಡ್ಡ ಹಿಡಿದು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು.

ಬೇಸಿಗೆ ಕಾಲಿಡುತ್ತಿದ್ದ ಒಂದು ದಿನ ನಾನು ತರಕಾರಿ ತುಂಬುತ್ತಿದ್ದಾಗ ಸರಸು ಸೀರೆ ಬದಲಿಸಿ ಬಂದು ಎಡಗಡೆಯ ಸೀಟಿನಲ್ಲಿ ಕೂತಳು. ತಿಂಗಳುಗಟ್ಟಲೆ ನನ್ನ ಜೊತೆ ಬರದೆ ಸೊಪ್ಪಿನ ಕೆಲಸ, ಕಾಲು ನೋವು ಎಂದು ತಪ್ಪಿಸಿಕೊಂಡವಳು. "ನಿನ್ನ ಲೈಟ ನೋಡೋಣಂತ" ಎಂದಳು. ನನಗೆ ಹಿಗ್ಗು! ಪೂರ್ತಿ ದಾರಿ ರಿಲೇಯ ಮಹಿಮೆ ವರ್ಣಿಸಿದೆ. ಅವಳು ರಸ್ತೆ ನೋಡುತ್ತಿದ್ದಳು, ನನ್ನನ್ನು ನೋಡುತ್ತಿದ್ದಳು, ಹೂಂ ಎನ್ನುತ್ತಿದ್ದಳು.

ಮಸಿನಗುಡಿಯಲ್ಲಿ ಸರಕು ಇಳಿಸಿ ಹೊರಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮೇಲಿನ ಬೆಟ್ಟಕ್ಕೂ ಈ ಕೆಳಗಿನ ಕಾಡಿಗೂ ಸಂಬಂಧವೇ ಇಲ್ಲ. ಇಲ್ಲಿ ಕುರುಚಲು, ಮುಳ್ಳು, ಒಣಗಿದ ಲಂಟಾನ, ಕಾಲಿಟ್ಟರೆ ಪುಡಿಯಾಗುವ ಎಲೆ. ದಿನಗೂಲಿ ಮುಗಿಸಿದ ಅರಣ್ಯ ಇಲಾಖೆಯ ಹೆಂಗಸರು ಕತ್ತಿ ಹಿಡಿದು ಸಾಲಾಗಿ ಮನೆಗೆ ನಡೆಯುತ್ತಿದ್ದರು. ಅವರನ್ನು ದಾಟಿ ಕಾಡಿನ ರಸ್ತೆಗೆ ಬಂದಾಗ ಮುಂದೆ ಬೂದು ಬಣ್ಣದ ಮಬ್ಬು ಕವಿಯಿತು. ಅಭ್ಯಾಸದಂತೆ, "ನೋಡು, ಇಲ್ಲಿಗೂ ಇಳಿದು ಬಂತು ಮಂಜು" ಎಂದೆ. ದೀಪವನ್ನು ಎತ್ತರಕ್ಕೆ ಹಾಕಿದೆ. ಮಬ್ಬು ಬೆಳ್ಳಗಾಯಿತು, ದಪ್ಪವಾಯಿತು. ರಸ್ತೆಯ ನಡುವೆ ಅದರದೊಂದು ಗಟ್ಟಿಯಾದ ತುಂಡು ನಿಂತಂತೆ ಕಂಡಿತು. ಮಂಜಿನ ತುಂಡುಗಳು ನನಗೆ ಹೊಸದಲ್ಲ. ಅವುಗಳ ನಡುವೆ ತೂರಿಕೊಂಡು ಹೋಗುವುದೇ ನಮ್ಮ ರೂಢಿ. ತೂರಲು ಹೊರಟೆ.

"ನಿಲ್ಲುಸು! ಆನೆ! ಆನೆ!" ಸರಸುವಿನ ಕೈ ಸ್ಟಿಯರಿಂಗಿನ ಮೇಲಿತ್ತು.

ಬ್ರೇಕು ತುಳಿದೆ. ಗಾಡಿ ಕಿರುಚಿ, ಕ್ರೇಟುಗಳು ಮುಂದಕ್ಕೆ ಉರುಳಿ, ಎಂಜಿನ್ನು ಆರಿತು. ಮಂಜಿನ ಆ ತುಂಡಿಗೆ ಕಿವಿಗಳಿದ್ದವು. ಅವು ಅಗಲವಾದವು. ಅದರ ಹೊಟ್ಟೆಯಡಿಯಲ್ಲಿ ಇನ್ನೊಂದು ಸಣ್ಣ ತುಂಡು ಅಲುಗಿತು.

"ಲೈಟ ಆಫ್ ಮಾಡು" ಎಂದಳು, ಉಸಿರಿನಲ್ಲಿ. ನನ್ನ ಕೈಗೆ ಸ್ವಿಚ್ಚು ಸಿಗಲಿಲ್ಲ. ಇಷ್ಟು ದಿನ ನನ್ನ ಕೈಯಾರೆ ಬಿಚ್ಚಿ ಜೋಡಿಸಿದ ಸ್ವಿಚ್ಚು! ಅವಳೇ ಬಾಗಿ ಆರಿಸಿದಳು. ಕತ್ತಲಾಯಿತು. ಕಿವಿ ಬೀಸುವ ಸದ್ದು, ಒಣ ಎಲೆಯ ಸದ್ದು. ಮರಿ ಮೊದಲು, ತಾಯಿ ಆಮೇಲೆ, ಎಡಗಡೆಯ ಪೊದೆಗೆ ಇಳಿದು ಹೋದವೆಂದು ಅವಳು ಹೇಳಿದ ಮೇಲೆ ನನಗೆ ತಿಳಿಯಿತು. ನನಗೆ ಏನೂ ಕಂಡಿರಲಿಲ್ಲ.

"ಹಾಳು ಮಂಜು" ಎಂದೆ. ಬಾಯಿಗೆ ಬಂದದ್ದು ಅದೊಂದೇ.

ಅವಳು ನನ್ನ ಕಡೆ ತಿರುಗಿದಳು. "ಎಲ್ಲಿ ಮಂಜು?" ಎಂದಳು. "ಮಂಜು ಇಲ್ಲೆ. ಅಲ್ಲಿ ನೋಡು, ನಕ್ಷತ್ರ."

ಸರಸು ಕೋಪದಲ್ಲಿ ಹೇಳಿರಲಿಲ್ಲ. ಕೋಪದಲ್ಲಿ ಹೇಳಿದ್ದರೆ ವಾದಿಸುತ್ತಿದ್ದೆ. ಗಾಜಿನಾಚೆ ಬಗ್ಗಿ ನೋಡಿದೆ. ನಕ್ಷತ್ರ ಇರಬೇಕಾದಲ್ಲಿ ಒದ್ದೆ ಬಟ್ಟೆಯಂಥ ಆಕಾಶವಿತ್ತು. ಒಣ ಕಾಡು, ಒಣ ಗಾಳಿ, ಮಂಜು ಎಂದೂ ಬಾರದ ಊರು. ಇಲ್ಲಿಗೆ ಅದನ್ನು ತಂದವನು ನಾನೇ. ತಿಂಗಳುಗಟ್ಟಲೆ ಅದು ಗಾಡಿಯ ಹೊರಗಿರಲೇ ಇಲ್ಲ. ನನಗೆ ಹೆದರಿಕೆಯಾಯಿತು, ಆನೆಗೆ ಹೆದರಿದ್ದಕ್ಕಿಂತ ಹೆಚ್ಚು. ಕುರುಡಾಗುತ್ತೇನೆಂಬುದಕ್ಕಿಂತ ಮೊದಲು ಬಂದ ಭಯ ಯಾವುದು ಗೊತ್ತೇ? ಇನ್ನು ಈ ಸೀಟಿನಲ್ಲಿ ಕೂರುವಂತಿಲ್ಲ ಎಂಬುದು. ಅದಾದ ಮೇಲೆಯೇ, ಈಗ ತಾನೇ ಹೆಂಡತಿಯನ್ನು ಕೊಲ್ಲುವುದರಲ್ಲಿದ್ದೆ ಎಂಬುದು ತಲೆಗೆ ಇಳಿದದ್ದು. ಮನಸ್ಸು ಎಂಥ ನಾಚಿಕೆಗೇಡಿ ಪ್ರಾಣಿ, ನೋಡಿ!

"ಈ ಪಕ್ಕ ಬಾ. ನಾ ಓಟ್ಟಿನೆ" ಎಂದಳು ಸರಸು. ಅವಳಿಗೆ ಗಾಡಿ ಓಡಿಸಲು ಬರುತ್ತದೆ. ಮದುವೆಗೆ ಮುಂಚೆ ಕೆತ್ತಿಯ ತನ್ನ ತೌರಿನಲ್ಲಿ ಅಪ್ಪನ ಜೀಪಿನಲ್ಲಿ ಸೊಪ್ಪು ಹೇರಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದವಳು. ಈ ಪಿಕಪ್ಪಿನ ಕೀಲಿಯನ್ನು ನಾನು ಅವಳ ಕೈಗೆ ಕೊಟ್ಟಿರಲಿಲ್ಲ, ಅಷ್ಟೇ. ನನ್ನ ಗಾಡಿಯ ಎಡಗಡೆಯ ಸೀಟಿನಲ್ಲಿ ನಾನು ಮೊದಲ ಬಾರಿಗೆ ಕೂತೆ. ಕಲ್ಲಟ್ಟಿಯ ತಿರುವುಗಳನ್ನು ಅವಳು ಆತುರವಿಲ್ಲದೆ ಏರಿದಳು. ಎದುರು ಗಾಡಿ ಬಂದಾಗಲೆಲ್ಲ ದೀಪ ತಗ್ಗಿಸಿದಳು. ನನ್ನ ಬಲಗಾಲು ಮಾತ್ರ ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತ ಬಂತು. ಎಷ್ಟು ದಿನದಿಂದ ನಿನಗೆ ಗೊತ್ತಿತ್ತು ಎಂದು ಕೇಳಿದೆ. ತಂತಿಯ ನೀಲಿ ನನಗೆ ಕಾಣದೆ ಹೋದ ದಿನ ಸಂಶಯ ಬಂತಂತೆ. ಹೆಂಗಸರಿಗೆ ಅದಕ್ಕೂ ಮೊದಲೇ ಗೊತ್ತಿತ್ತಂತೆ. ಗಾಡಿ ಅಂಚಿಗೆ ಹೋಗುತ್ತದೆಂದು ಹೆದರಿದ್ದರಂತೆ. ಯಾಕೆ ಯಾರೂ ಹೇಳಲಿಲ್ಲ? "ನಿನಗೆ ಯಾರ ಹೇಳುವದು?" ಎಂದಳು. ಹರಸುವ ಕೈಯ ಹಿರಿಮೆ ನನಗೆ ಅವತ್ತು ಅರ್ಥವಾಯಿತು. ಎಲ್ಲರೂ ತಲೆ ಬಾಗಿಸಿದ್ದರು. ಬಾಗಿದ ತಲೆಗಳಲ್ಲಿ ಒಂದಾದರೂ ಎದ್ದು ನನ್ನ ಕಣ್ಣನ್ನು ನೋಡುವಂತೆ ನಾನು ಬಾಳಿರಲಿಲ್ಲ.

ಊಟಿಯ ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಳಗಿನ ಮಸೂರ ಹಳದಿಗಟ್ಟಿ ಮಬ್ಬಾಗಿದೆ, ಅದಕ್ಕೇ ನೀಲಿ ಕಪ್ಪಾಗಿ ಕಾಣುವುದು, ದೀಪ ಚೂರಾಗಿ ಚೆಲ್ಲುವುದು ಎಂದಳು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುವುದಿಲ್ಲವೇ ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಸರಸು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು; ಆಮೇಲೆ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಲೋಕಕ್ಕೆ ಯಾರೋ ನೀಲಿ ಬಳಿದಿದ್ದರು. ಬೆಟ್ಟ ನೀಲಿ, ಸರಸುವಿನ ಹಳೆಯ ಸೀರೆಯ ಅಂಚು ನೀಲಿ, ಹೆಸರಿಗೇ ನೀಲಿಯಿರುವ ಈ ಗಿರಿಯಲ್ಲಿ ಹುಟ್ಟಿ ಬೆಳೆದವನು ಆ ಬಣ್ಣ ಕಳೆದುಹೋದದ್ದನ್ನು ಗಮನಿಸಲೇ ಇಲ್ಲವೆಂದರೆ ನಂಬುತ್ತೀರಾ? ಅಷ್ಟೇ ಅಲ್ಲ, ನನ್ನ ಕೈಕೆಲಸವೂ ಕಂಡಿತು. ಬಾನೆಟ್ ಎತ್ತಿ ನೋಡಿದರೆ ಆ ವೈರಿಂಗು! ಟೇಪು ಎಲ್ಲೆಲ್ಲೋ ಸುತ್ತಿಕೊಂಡು, ತಂತಿಗಳು ಹಾವಿನ ಮರಿಗಳಂತೆ ಹೆಣೆದುಕೊಂಡು, ಒಂದು ಕಡೆ ತಾಮ್ರ ಬರಿಮೈಯಲ್ಲಿ ಹೊಳೆಯುತ್ತಿತ್ತು. ಹೊತ್ತಿಕೊಂಡು ಉರಿಯದೇ ಇದ್ದದ್ದು ನಮ್ಮ ಹೆತ್ತೆಯ ದಯೆ, ನಾವು ನಂಬಿದ ಆ ತಾಯಿಯ ದಯೆ. ಎಲ್ಲ ಬಿಚ್ಚಿ ಮತ್ತೆ ಹೆಣೆದೆ. ದಪ್ಪ ತಂತಿ, ರಿಲೇ ಉಳಿಸಿಕೊಂಡೆ. ಆ ಮಾತಿನಲ್ಲಿ ಶಾಜಿ ಸುಳ್ಳು ಹೇಳಿರಲಿಲ್ಲ. ಬಿಳಿ ಬಲ್ಬುಗಳನ್ನು ಕಿತ್ತು, ಗೂಡಿನ ಸೀಸೆಯಿಂದ ಹಳೆಯ ಜೋಡಿಯನ್ನು ತೆಗೆದು ಹಾಕಿದೆ. ಒಳ್ಳೆಯ ತಂತಿ ಸಿಕ್ಕ ಮೇಲೆ ಅವೇ ಬಲ್ಬುಗಳು ತುಂಬು ತುಪ್ಪದ ಬೆಳಕು ಕೊಟ್ಟವು. ತೊಳೆದ ಸೀಸೆಯನ್ನು ಸರಸುವಿನ ಮುಂದೆ ಇಟ್ಟೆ. ಅವಳು ಮೂಸಿ ನೋಡಿ, ಇನ್ನು ಇದಕ್ಕೆ ಉಪ್ಪಿನಕಾಯಿ ಹಾಕುವವರುಂಟೇ ಎಂದು ಚೆನ್ನಾಗಿ ಬೈದಳು. ಅಂತೂ ಬೈದಳಲ್ಲ ಎಂದು ನನಗೆ ನೆಮ್ಮದಿಯಾಯಿತು.

ನೆಮ್ಮದಿಯೆಂದರೆ ಪೂರ್ತಿಯದಲ್ಲ. ಎಡಗಣ್ಣಿನದು ಇನ್ನೂ ಬಾಕಿಯಿದೆ, ಅಲ್ಲಿಯವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಸರಸು ಓಡಿಸುತ್ತಾಳೆ, ನಾನು ಎಡಕ್ಕೆ ಕೂರುತ್ತೇನೆ, ಕಾಲು ತಾಳ ಹಾಕುತ್ತದೆ. ಆಮೇಲಾದರೂ ಅವಳು ಕೀಲಿ ಕೊಡುತ್ತಾಳೆಯೇ? ಕೇಳುವ ಧೈರ್ಯವಾಗಿಲ್ಲ. ಈಗೀಗ ತಿರುವಿನ ಹೆಂಗಸರು ಕೈ ಎತ್ತುತ್ತಾರೆ. ಹಳದಿ ದೀಪ ಕಂಡು ಎತ್ತಿದ ಕೈ, ಯಾರು ಓಡಿಸುತ್ತಿದ್ದಾರೆಂದು ಕಾಣುವವರೆಗೆ ಅರ್ಧದಲ್ಲೇ ನಿಲ್ಲುವುದನ್ನು ನನ್ನ ಹೊಸ ಕಣ್ಣು ಸ್ಪಷ್ಟವಾಗಿ ನೋಡುತ್ತದೆ. ಚೆನ್ನಾಗಿ ಕಾಣುವುದರಲ್ಲಿ ಇಂಥ ನೋವೂ ಸೇರಿದೆ.

ನಿನ್ನೆ ಮುಂಜಾನೆ ತರಕಾರಿ ತುಂಬಿ ಹೊರಟೆವು. ಹಟ್ಟಿಯ ತಿರುವು ದಾಟಿದ್ದೇ ಎದುರು ಬೆಳ್ಳಗಾಯಿತು. ಸರಸು ಗಾಡಿ ನಿಲ್ಲಿಸಿದಳು. ಮಂಜು ಎಂಬ ಮಾತನ್ನು ಆನೆ ಎದುರಾದ ಆ ಸಂಜೆಯಿಂದ ನಾನು ಆಡಿಯೇ ಇರಲಿಲ್ಲ. ಇದು ಹೊರಗಿನದೋ, ಮತ್ತೆ ನನ್ನದೋ? ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲೇ ನೋಡಿದೆ. ಹಳದಿ ಬೆಳಕಿನೊಳಗೆ ಅದು ನಿಧಾನವಾಗಿ ಚಲಿಸುತ್ತಿತ್ತು. ಚಹಾ ಗಿಡಗಳ ಮೇಲಿಂದ ಎದ್ದು, ರಸ್ತೆ ದಾಟಿ, ಮತ್ತೆ ಚಹಾದೊಳಗೆ ಇಳಿಯುತ್ತಿತ್ತು. ನನ್ನ ಕಣ್ಣೊಳಗಿದ್ದದ್ದು ಎಂದೂ ಚಲಿಸಿರಲಿಲ್ಲ.

"ನಿನಗ ಎಲ್ಲಿಗಂಟ ಕಾಣುತದೆ?" ಸರಸು ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಆ ವಾಲಿದ ಓಕ್ ಮರದವರೆಗೆ" ಎಂದೆ. "ಅದರಾಚೆ ಇಲ್ಲ."

ಅವಳು ಆ ಮರದ ಕಡೆ ನೋಡಿದಳು. ಆಮೇಲೆ ಗೇರು ಹಾಕಿದಳು.

"ನನಗೂ ಅಲ್ಲಿಗಂಟನೆ" ಎಂದಳು.